ಬೇರೆಯವರ ಹಣದಲ್ಲಿ ಒಂದು ಪುರವಣಿ

ಪ್ರಸ್ತಾವದ ಜೊತೆಗೇ ಲೇಖನಗಳ ಪಟ್ಟಿಯೂ ಬಂದಿತ್ತು. ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗಿ ಸುಲಭವಾಗಿ ಮುರಿಯುವ ಕಾಯಿಲೆಯ ಬಗ್ಗೆ ನಮ್ಮ ವೈದ್ಯಕೀಯ ಜರ್ನಲ್ಲಿಗೆ ಒಂದು ವಿಶೇಷ ಪುರವಣಿ ತರಬೇಕು. ಸಂಪಾದನೆ, ಪುಟವಿನ್ಯಾಸ, ಮುದ್ರಣ, ಯಾರು ಬೇಕಾದರೂ ಉಚಿತವಾಗಿ ಓದುವಂತೆ ಅಂತರ್ಜಾಲದಲ್ಲಿ ಇಡುವುದು, ಎಲ್ಲದರ ಖರ್ಚೂ ಒಂದು ಔಷಧ ಕಂಪನಿಯದು. ಯಾವ ವಿಷಯದ ಮೇಲೆ ಯಾರು ಬರೆಯುತ್ತಾರೆ, ಅತಿಥಿ ಸಂಪಾದಕರು ಯಾರು, ಯಾವ ಸಮ್ಮೇಳನದ ಹೊತ್ತಿಗೆ ಪ್ರತಿ ಕೈಗೆ ಸಿಗಬೇಕು ಎಂಬುದೆಲ್ಲ ಆ ಕಾಗದದಲ್ಲೇ ಇತ್ತು. ನಮ್ಮಿಂದ ಅವರಿಗೆ ಬೇಕಾಗಿದ್ದುದು ಜರ್ನಲ್ಲಿನ ಹೆಸರು ಮಾತ್ರ.

ನಾನು ಆಗ ಆ ಜರ್ನಲ್ಲಿನ ಸಹಾಯಕ ಸಂಪಾದಕಿಯರಲ್ಲಿ ಒಬ್ಬಳು. ಪ್ರಧಾನ ಸಂಪಾದಕರು ಕಡತವನ್ನು ನನ್ನ ಕಡೆ ಸರಿಸಿ, "ಮೇಡಂ, ಇದನ್ನು ನೀವೇ ನೋಡಿ. ಬೇಡ ಅನ್ನಿಸಿದರೆ ಬೇಡ ಅಂತಲೇ ಬರೆದುಬಿಡೋಣ" ಎಂದರು. ಬೇಡ ಅನ್ನುವುದು ಸುಲಭವಿತ್ತು. ಆದರೆ ನಮ್ಮದು ವೈದ್ಯರ ಸಂಘವೊಂದು ನಡೆಸುವ ಜರ್ನಲ್. ಪ್ರಕಟಣಾ ಶುಲ್ಕ ಕಟ್ಟಲಾಗದ ಲೇಖಕರಿಗೆ ಶುಲ್ಕ ಬಿಡುತ್ತಿದ್ದುದು ಇಂಥ ಆದಾಯದ ಬಲದಿಂದಲೇ. ಅದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿತ್ತು. ಸೊಂಟದ ಮೂಳೆ ಮುರಿದು ಬಂದ ವಯಸ್ಸಾದವರಿಗೆ ಶಸ್ತ್ರಚಿಕಿತ್ಸೆ ಆಗುತ್ತದೆ, ಗಾಯ ಮಾಯುತ್ತದೆ, ಅವರು ಮನೆಗೆ ಹೋಗುತ್ತಾರೆ. ಮೂಳೆ ಮುರಿಯಲು ಕಾರಣವಾದ ಕಾಯಿಲೆಗೆ ಚಿಕಿತ್ಸೆ ಶುರುವೇ ಆಗಿರುವುದಿಲ್ಲ. ಎಷ್ಟೋ ದೇಶಗಳಲ್ಲಿ ಇದೇ ಪಾಡು. ಒಳ್ಳೆಯ ಪುರವಣಿಯೊಂದು ಸಾಮಾನ್ಯ ವೈದ್ಯರ ಮೇಜಿಗೆ ತಲುಪಿದರೆ ಅದು ನಿಜಕ್ಕೂ ಕೆಲಸಕ್ಕೆ ಬರುತ್ತದೆ ಎಂದು ನನಗೆ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ.

ಆದರೂ ಈ ಬಗೆಯ ಪುರವಣಿಗಳ ಚರಿತ್ರೆ ಚೆನ್ನಾಗಿಲ್ಲ. ಸಂಶೋಧಕಿ ಲೀಸಾ ಬೀರೋ ಮತ್ತು ಸಂಗಡಿಗರು 1992ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಜರ್ನಲ್ಲುಗಳಲ್ಲಿ ಬಂದಿದ್ದ 625 ವಿಚಾರಗೋಷ್ಠಿ ಸಂಚಿಕೆಗಳನ್ನು ಪರಿಶೀಲಿಸಿದಾಗ ಅವುಗಳಲ್ಲಿ 42 ಶೇಕಡಾ ಒಂದೇ ಒಂದು ಔಷಧ ಕಂಪನಿಯ ಹಣದಿಂದ ಬಂದವು ಎಂದು ಕಂಡಿತು. ಒಬ್ಬನೇ ಪ್ರಾಯೋಜಕನಿದ್ದ ಸಂಚಿಕೆಗಳಲ್ಲಿ ದಾರಿ ತಪ್ಪಿಸುವ ಶೀರ್ಷಿಕೆಗಳು ಹೆಚ್ಚು, ಔಷಧದ ಬ್ರಾಂಡ್ ಹೆಸರಿನ ಬಳಕೆ ಹೆಚ್ಚು, ಪ್ರಕಟಣೆಗೆ ಮುಂಚೆ ಹೊರಗಿನ ತಜ್ಞ ಪರಿಶೀಲಕರ ಕಣ್ಣಿಗೆ ಬಿದ್ದ ಲೇಖನಗಳು ಕಡಿಮೆ. ಎರಡು ವರ್ಷದ ಬಳಿಕ ಅಮೆರಿಕದ ವೈದ್ಯರ ಸಂಘದ ಜರ್ನಲ್ ಜಾಮಾದಲ್ಲಿ ಬಂದ ಇನ್ನೊಂದು ಅಧ್ಯಯನ, ಪುರವಣಿಗಳಲ್ಲಿ ಬರುವ ಔಷಧ ಪ್ರಯೋಗಗಳ ಗುಣಮಟ್ಟ ಅದೇ ಜರ್ನಲ್ಲಿನ ಮೂಲ ಸಂಚಿಕೆಗಳಲ್ಲಿ ಬರುವ ಪ್ರಯೋಗಗಳಿಗಿಂತ ಕೆಳಮಟ್ಟದ್ದು ಎಂದಿತು. 1996ರಲ್ಲಿ ಮಿಲ್ಡ್ರೆಡ್ ಚೋ ಮತ್ತು ಬೀರೋ ಮತ್ತೆ ಎಣಿಸಿದರು: ಕಂಪನಿಯ ನೆರವಿದ್ದ ಲೇಖನಗಳಲ್ಲಿ 98 ಶೇಕಡಾ ಆ ಔಷಧದ ಪರವಾಗಿದ್ದವು, ನೆರವಿಲ್ಲದ ಲೇಖನಗಳಲ್ಲಿ 79 ಶೇಕಡಾ. ಮೂಳೆಯ ವಿಷಯಕ್ಕೇ ಸಂಬಂಧಿಸಿದ ಪ್ರಸಂಗವೂ ಒಂದಿದೆ. ವಿಜ್ಞಾನ ಪ್ರಕಾಶನ ಸಂಸ್ಥೆಯಾದ ಎಲ್ಸ್‌ವಿಯರ್‌ನ ಆಸ್ಟ್ರೇಲಿಯಾ ಶಾಖೆ 2000ರಿಂದ 2005ರ ನಡುವೆ ಔಷಧ ಕಂಪನಿಗಳ ಹಣದಲ್ಲಿ, ನೋಡಲು ಜರ್ನಲ್ಲಿನಂತೆಯೇ ಇರುವ ಆರು ಪ್ರಕಟಣೆಗಳನ್ನು ತಂದಿತ್ತು. ಅವುಗಳಲ್ಲಿ ಒಂದರ ಹೆಸರು ಆಸ್ಟ್ರೇಲೇಷಿಯನ್ ಜರ್ನಲ್ ಆಫ್ ಬೋನ್ ಅಂಡ್ ಜಾಯಿಂಟ್ ಮೆಡಿಸಿನ್. ಹಣ ಯಾರದೆಂದು ಓದುಗರಿಗೆ ಸರಿಯಾಗಿ ತಿಳಿಸಿರಲಿಲ್ಲ. 2009ರಲ್ಲಿ ಸಂಗತಿ ಬಯಲಾದಾಗ ಸಂಸ್ಥೆಯೇ ತಪ್ಪನ್ನು ಒಪ್ಪಿಕೊಂಡಿತು.

ಇವೆಲ್ಲ ಗೊತ್ತಿದ್ದುದರಿಂದ ನಾನು ಲೇಖನಗಳ ಪಟ್ಟಿಯನ್ನು ಬದಿಗಿಟ್ಟು ಕರಾರಿನಿಂದ ಶುರು ಮಾಡಿದೆ. ಅಂತರರಾಷ್ಟ್ರೀಯ ವೈದ್ಯಕೀಯ ಜರ್ನಲ್ ಸಂಪಾದಕರ ಸಮಿತಿ, ಐಸಿಎಂಜೆಇ, ಪುರವಣಿಗಳಿಗೆಂದೇ ಕೆಲವು ನಿಯಮಗಳನ್ನು ಕೊಟ್ಟಿದೆ. ಪುರವಣಿಯ ಪೂರ್ಣ ಹೊಣೆ ಜರ್ನಲ್ ಸಂಪಾದಕರದ್ದು. ಲೇಖಕರು, ಪರಿಶೀಲಕರು, ವಿಷಯ ಇವನ್ನು ಆರಿಸುವ ಅಧಿಕಾರ ಅವರ ಕೈಯಲ್ಲೇ ಇರಬೇಕು. ಹಣ ಕೊಟ್ಟ ಸಂಸ್ಥೆ ಲೇಖನಗಳನ್ನು ತಿದ್ದುವಂತಿಲ್ಲ. ಯಾವ ಲೇಖನವನ್ನಾದರೂ ಪರಿಶೀಲನೆಗೆ ಕಳಿಸಿಯೋ ಕಳಿಸದೆಯೋ ತಿರಸ್ಕರಿಸುವ ಹಕ್ಕು ಸಂಪಾದಕರಿಗಿರಬೇಕು. ಈ ಷರತ್ತುಗಳು ಲೇಖಕರಿಗೂ ಅತಿಥಿ ಸಂಪಾದಕರಿಗೂ ಕೆಲಸ ಶುರುವಾಗುವ ಮೊದಲೇ ಗೊತ್ತಿರಬೇಕು. ಓದಿದರೆ ಇದರಲ್ಲಿ ತಕರಾರು ಎತ್ತುವಂಥದ್ದು ಏನೂ ಇಲ್ಲ. ಕಂಪನಿಯ ಪ್ರತಿನಿಧಿಗಳೂ ತಲೆದೂಗಿದರು. ತಕರಾರು ಬಂದಿದ್ದು ಇದನ್ನು ಹಣದ ಭಾಷೆಗೆ ತಂದಾಗ.

ಅವರ ಕರಡು ಕರಾರಿನಲ್ಲಿ ಲೇಖನವೊಂದಕ್ಕೆ ಇಷ್ಟು ಎಂದು ದರವಿತ್ತು, ಪ್ರಕಟವಾದ ಲೇಖನಗಳ ಲೆಕ್ಕದಲ್ಲಿ ಪಾವತಿ. ಮೇಲ್ನೋಟಕ್ಕೆ ನ್ಯಾಯವೇ. ಆದರೆ ಅದರ ಅರ್ಥವೇನು? ನಾವು ಒಂದು ಲೇಖನ ತಿರಸ್ಕರಿಸಿದರೆ ಅಷ್ಟು ಹಣ ನಮ್ಮ ಕೈ ತಪ್ಪುತ್ತದೆ. ತಿರಸ್ಕರಿಸುವ ಹಕ್ಕನ್ನು ಒಂದು ಪುಟದಲ್ಲಿ ಕೊಟ್ಟು ಮುಂದಿನ ಪುಟದಲ್ಲಿ ಅದಕ್ಕೆ ದಂಡ ಇಟ್ಟ ಹಾಗಾಯಿತು. ನಾನು ಬೇರೆ ರೀತಿ ಬರೆಸಿದೆ: ಇಡೀ ಯೋಜನೆಗೆ ಒಂದು ಮೊತ್ತ, ಮೊದಲ ಕಂತು ಸಹಿ ಹಾಕುವಾಗ, ಎರಡನೆಯದು ಪರಿಶೀಲನೆ ಮುಗಿದಾಗ, ಎಷ್ಟು ಲೇಖನ ಉಳಿದರೂ, ಒಂದೂ ಉಳಿಯದಿದ್ದರೂ, ಆದ ಕೆಲಸದ ಹಣ ಹಿಂದಕ್ಕೆ ಕೊಡುವಂತಿಲ್ಲ. ಈ ಒಂದು ಕಲಮಿನ ಮೇಲೆ ನಡೆದಷ್ಟು ಪತ್ರವ್ಯವಹಾರ ಮತ್ಯಾವುದರ ಮೇಲೂ ನಡೆಯಲಿಲ್ಲ. "ಮೇಡಂ, ಒಂದೂ ಲೇಖನ ಬರದೆ ಹೋದರೆ ನಾವು ಮೇಲಿನವರಿಗೆ ಏನು ಹೇಳೋದು?" ಎಂದು ಅವರ ಪ್ರಕಟಣಾ ವಿಭಾಗದವರು ಕೇಳಿದರು. ಅವರ ಕಷ್ಟ ನನಗೆ ಅರ್ಥವಾಗುತ್ತಿತ್ತು. "ಜರ್ನಲ್ಲಿನ ಪರಿಶೀಲನೆಗೆ ಹಣ ಕೊಟ್ಟೆವು ಅಂತ ಹೇಳಿ ಸರ್, ಅದು ನಿಜವೂ ಹೌದು" ಎಂದೆ. ಕೊನೆಗೆ ಒಪ್ಪಿದರು.

ಎರಡನೆಯ ಜಗ್ಗಾಟ ಪ್ರಕಟಣೆಗೆ ಮುಂಚೆ ಲೇಖನಗಳನ್ನು "ವೈಜ್ಞಾನಿಕ ನಿಖರತೆಗಾಗಿ" ಒಮ್ಮೆ ನೋಡಲು ಕೊಡಬೇಕೆಂಬ ಬೇಡಿಕೆಯದ್ದು. ಔಷಧದ ಪ್ರಮಾಣದಲ್ಲಿ, ಅಡ್ಡಪರಿಣಾಮದ ಅಂಕಿಗಳಲ್ಲಿ ತಪ್ಪಾದರೆ ಅವರಿಗೂ ಕಾನೂನಿನ ತೊಂದರೆ ಎಂಬ ಮಾತು ಸುಳ್ಳಲ್ಲ. ಆದರೆ ಒಮ್ಮೆ ಬಾಗಿಲು ತೆರೆದರೆ ಬರುವುದು ಬರೀ ಅಂಕಿಗಳ ತಿದ್ದುಪಡಿಯಲ್ಲ. "ಪರಿಣಾಮ ಸಾಧಾರಣ" ಎಂಬುದು "ಗಮನಾರ್ಹ" ಆಗುತ್ತದೆ, "ಇನ್ನೂ ಸ್ಪಷ್ಟವಿಲ್ಲ" ಎಂಬುದು "ಭರವಸೆದಾಯಕ" ಆಗುತ್ತದೆ. ನಿಮ್ಮ ಔಷಧದ ಅಧಿಕೃತ ಮಾಹಿತಿಪತ್ರವನ್ನು ಮೊದಲೇ ಕೊಡಿ, ಹಸ್ತಪ್ರತಿ ತಿದ್ದುವ ನಮ್ಮ ಸಂಪಾದಕರು ಪ್ರತಿ ಅಂಕಿಯನ್ನೂ ಅದರೊಂದಿಗೆ ತಾಳೆ ನೋಡುತ್ತಾರೆ ಎಂದು ನಾನು ಬರೆದೆ. ಪ್ರಕಟವಾದ ಮೇಲೆ ತಪ್ಪು ಕಂಡರೆ ಬೇರೆ ಓದುಗರ ಹಾಗೆಯೇ ಸಂಪಾದಕರಿಗೆ ಪತ್ರ ಬರೆಯಬಹುದು. ಈ ಮಾತು ಕರಾರಿನಲ್ಲಿ ಅಕ್ಷರಶಃ ಸೇರಿತು. ಸಂಘದ ವಕೀಲರು ಇಂಥ ಕಲಮು ಯಾಕೆಂದು ಕೇಳಲಿಲ್ಲ, ಇನ್ನಷ್ಟು ಬಿಗಿ ಮಾಡಿಕೊಟ್ಟರು.

ಅತಿಥಿ ಸಂಪಾದಕರ ವಿಷಯ ನಾಜೂಕಿನದು. ಕಂಪನಿ ಸೂಚಿಸಿದ್ದ ಹಿರಿಯರು ಈ ಕ್ಷೇತ್ರದಲ್ಲಿ ಎಲ್ಲರೂ ಗೌರವಿಸುವವರು. ನಾನೂ ಅವರ ಲೇಖನ ಓದಿಯೇ ಬೆಳೆದವಳು. ಆದರೆ ಐಸಿಎಂಜೆಇಯ ಹಿತಾಸಕ್ತಿ ಘೋಷಣೆಯ ನಮೂನೆ ಹಿಂದಿನ 36 ತಿಂಗಳ ಸಂಬಂಧಗಳನ್ನು ಕೇಳುತ್ತದೆ. ಅವರು ಪ್ರಾಮಾಣಿಕವಾಗಿ ತುಂಬಿಕೊಟ್ಟರು: ಭಾಷಣದ ಸಂಭಾವನೆ, ಸಲಹಾ ಮಂಡಳಿಯ ಸದಸ್ಯತ್ವ, ಪ್ರಯಾಣದ ಖರ್ಚು, ಎಲ್ಲವೂ ಇದೇ ಕಂಪನಿಯಿಂದ. ಇಂಥ ಸಂಬಂಧವಿದ್ದವರೆಲ್ಲ ಕೆಟ್ಟವರು ಎಂದು ನಾನು ನಂಬುವುದಿಲ್ಲ. ಹೊಸ ಔಷಧವೊಂದರ ಬಗ್ಗೆ ಹೆಚ್ಚು ತಿಳಿದವರು ಅದರ ಪ್ರಯೋಗ ನಡೆಸಿದವರೇ ಆಗಿರುತ್ತಾರೆ. ಆದರೆ ಬರೆಯುವವರಿಗೆ ಸಂಬಂಧವಿದ್ದರೆ ಓದುಗ ಅದನ್ನು ಗಮನದಲ್ಲಿಟ್ಟು ಓದಬಹುದು. ಯಾವುದು ಬರಬೇಕು ಯಾವುದು ಬಾರದು ಎಂದು ತೀರ್ಮಾನಿಸುವವರಿಗೆ ಸಂಬಂಧವಿದ್ದರೆ, ಬಾರದೆ ಹೋದದ್ದನ್ನು ಓದುಗ ಎಲ್ಲಿ ನೋಡುತ್ತಾನೆ? ಅವರಿಗೆ ಇದನ್ನೇ ಫೋನಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀನು ಹೇಳೋದು ಸರಿಯಮ್ಮ. ನಾನು ಒಂದು ಲೇಖನ ಬರೆದುಕೊಡ್ತೀನಿ, ಸಂಪಾದನೆ ಬೇರೆಯವರು ಮಾಡಲಿ" ಎಂದರು. ಅವರ ಆ ಮಾತಿಗೆ ನಾನು ಋಣಿ. ಯಾವ ಔಷಧ ಕಂಪನಿಯ ಜೊತೆಗೂ ನಂಟಿಲ್ಲದ, ವೃದ್ಧರ ಚಿಕಿತ್ಸೆಯಲ್ಲಿ ಪರಿಣತರಾದ ಒಬ್ಬರನ್ನು ಅತಿಥಿ ಸಂಪಾದಕರನ್ನಾಗಿ ನಾವೇ ಕರೆದೆವು. ಅವರಿಗಾಗಲಿ ನಮಗಾಗಲಿ ಪ್ರಾಯೋಜಕರಿಂದ ನೇರ ಸಂಭಾವನೆ ಇಲ್ಲ. ಇದೂ ಐಸಿಎಂಜೆಇಯ ನಿಯಮವೇ.

ಇಷ್ಟೆಲ್ಲ ಆದ ಮೇಲೆ ಮತ್ತೆ ಆ ಪಟ್ಟಿಗೆ ಬಂದೆವು. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿದ್ದು ಈ ಘಟ್ಟ.

ಪಟ್ಟಿಯಲ್ಲಿ ಒಂದು ಶೀರ್ಷಿಕೆಯೂ ಸುಳ್ಳಾಗಿರಲಿಲ್ಲ. ಮೂಳೆ ಸವೆತದ ಹೊರೆ, ತೀವ್ರ ಅಪಾಯವಿರುವ ರೋಗಿಯನ್ನು ಗುರುತಿಸುವುದು, ಮಾತ್ರೆಗಳನ್ನು ರೋಗಿಗಳು ನಡುವೆ ಬಿಡುವ ಸಮಸ್ಯೆ, ಚುಚ್ಚುಮದ್ದಿನ ಅನುಕೂಲ, ಮೂಳೆ ಸಾಂದ್ರತೆ ಹೆಚ್ಚಿಸುವ ಹೊಸ ಔಷಧಗಳು, ತಜ್ಞರ ಅಭಿಮತ. ಒಂದೊಂದನ್ನೂ ಬಿಡಿಯಾಗಿ ನೋಡಿದರೆ ಯಾವ ಜರ್ನಲ್ಲಿನಲ್ಲಾದರೂ ಬರಬಹುದಾದ ಲೇಖನ. ಸಾಲಾಗಿ ಓದಿದಾಗ ಮಾತ್ರ ಎಲ್ಲವೂ ಒಂದೇ ಕಡೆಗೆ ಕೈ ತೋರಿಸುತ್ತಿದ್ದವು: ಕಾಯಿಲೆ ದೊಡ್ಡದು, ಮಾತ್ರೆ ಸಾಲದು, ಚುಚ್ಚುಮದ್ದು ಬೇಕು. ಪ್ರಾಯೋಜಕರ ಪ್ರಭಾವ ಎಂದರೆ ಯಾರೋ ವಾಕ್ಯಗಳನ್ನು ತಿರುಚುತ್ತಾರೆ ಎಂದು ಜನ ಭಾವಿಸುತ್ತಾರೆ. ನಾನು ಕಂಡ ಮಟ್ಟಿಗೆ ವಾಕ್ಯ ತಿರುಚುವ ಅಗತ್ಯವೇ ಬೀಳುವುದಿಲ್ಲ. ಯಾವ ಪ್ರಶ್ನೆಗಳನ್ನು ಕೇಳಬೇಕು ಎಂದು ತೀರ್ಮಾನಿಸಿದವರು ಉತ್ತರದ ಅರ್ಧವನ್ನು ಆಗಲೇ ಬರೆದಿರುತ್ತಾರೆ. ಪರಿಶೀಲಕರೂ ಇದನ್ನು ಹಿಡಿಯಲಾರರು, ಯಾಕೆಂದರೆ ಪ್ರತಿಯೊಬ್ಬರ ಕೈಗೂ ಹೋಗುವುದು ಒಂದೇ ಲೇಖನ, ಇಡೀ ಪಟ್ಟಿಯಲ್ಲ.

ಅತಿಥಿ ಸಂಪಾದಕರೂ ನಾನೂ ಕೂತು ಪಟ್ಟಿಯಲ್ಲಿ ಇಲ್ಲದ್ದು ಏನು ಎಂದು ಬರೆದುಕೊಂಡೆವು. ಬೀಳದಂತೆ ತಡೆಯುವುದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಬಹುಪಾಲು ಸೊಂಟದ ಮೂಳೆಗಳು ಮುರಿಯುವುದು ಬಿದ್ದಾಗಲೇ. ವ್ಯಾಯಾಮ, ಸಮತೋಲನದ ತರಬೇತಿ, ಕಣ್ಣಿನ ಪರೀಕ್ಷೆ, ತಲೆಸುತ್ತು ತರುವ ನಿದ್ದೆಮಾತ್ರೆಗಳನ್ನು ಕಡಿಮೆ ಮಾಡುವುದು, ಯಾವುದೂ ಇರಲಿಲ್ಲ. ಪೇಟೆಂಟ್ ಮುಗಿದು ಅಗ್ಗವಾಗಿರುವ ಬಿಸ್ಫಾಸ್ಫೊನೇಟ್ ಎಂಬ, ಮೂಳೆ ಸವೆಯುವುದನ್ನು ತಡೆಯುವ ಮಾತ್ರೆಗಳ ಬಗ್ಗೆ ಇದ್ದುದು ಅವುಗಳ ಕುಂದುಕೊರತೆಯ ಮಾತು ಮಾತ್ರ. ಚಿಕಿತ್ಸೆಯನ್ನು ಎಷ್ಟು ವರ್ಷ ಮುಂದುವರಿಸಬೇಕು, ಯಾವಾಗ ನಿಲ್ಲಿಸಬಹುದು ಎಂಬುದಂತೂ ಇರಲೇ ಇಲ್ಲ. ಇದರ ಬಗ್ಗೆ ಒಳ್ಳೆಯ ಸಂಶೋಧನೆಯಿದೆ. 2006ರಲ್ಲಿ ಪ್ರಕಟವಾದ ಫ್ಲೆಕ್ಸ್ ಪ್ರಯೋಗದಲ್ಲಿ ಸುಮಾರು ಐದು ವರ್ಷ ಬಿಸ್ಫಾಸ್ಫೊನೇಟ್ ಗುಂಪಿನದೇ ಆದ ಅಲೆಂಡ್ರೋನೇಟ್ ತೆಗೆದುಕೊಂಡಿದ್ದ ಮಹಿಳೆಯರಲ್ಲಿ ಕೆಲವರಿಗೆ ಮುಂದಿನ ಐದು ವರ್ಷವೂ ಅದನ್ನೇ, ಉಳಿದವರಿಗೆ ಔಷಧವಿಲ್ಲದ ಮಾತ್ರೆ ಕೊಟ್ಟು ನೋಡಿದರು. ಬೆನ್ನುಮೂಳೆ ಬಿಟ್ಟು ಉಳಿದ ಮೂಳೆಗಳ ಮುರಿತದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ನೋವು ಕೊಟ್ಟು ಪತ್ತೆಯಾದ ಬೆನ್ನುಮೂಳೆ ಮುರಿತ ಮಾತ್ರ ನಿಲ್ಲಿಸಿದವರಲ್ಲಿ 5.3 ಶೇಕಡಾ, ಮುಂದುವರಿಸಿದವರಲ್ಲಿ 2.4 ಶೇಕಡಾ. ಯಾರಿಗೆ ವಿರಾಮ ಕೊಡಬಹುದು, ಯಾರಿಗೆ ಕೊಡಬಾರದು ಎಂದು ದಿನವೂ ತೀರ್ಮಾನಿಸುವ ವೈದ್ಯರಿಗೆ ಬೇಕಾದ ಮಾಹಿತಿ ಇದು. ಮಾರುವವರಿಗೆ ಇದರಲ್ಲಿ ಆಸಕ್ತಿ ಇರಬೇಕೆಂದು ನಿರೀಕ್ಷಿಸುವುದೂ ತಪ್ಪು. ಅದಕ್ಕೇ ಈ ಕೆಲಸ ಸಂಪಾದಕರದ್ದು.

ನಾವು ಪಟ್ಟಿಯನ್ನು ಹೊಸದಾಗಿ ಬರೆದೆವು. ಹಳೆಯದರಲ್ಲಿ ಕೆಲವನ್ನು ಉಳಿಸಿಕೊಂಡೆವು, ಎರಡು ಕಡೆ ಒಂದೇ ಮಾತು ಹೇಳುವಂಥವನ್ನು ಒಂದಾಗಿಸಿದೆವು, ಬೀಳುವಿಕೆ ತಡೆ, ಹಳೆಯ ಔಷಧಗಳ ಸ್ಥಾನ, ಚಿಕಿತ್ಸೆಗೆ ವಿರಾಮ ಇವನ್ನು ಹೊಸದಾಗಿ ಸೇರಿಸಿ ಲೇಖಕರನ್ನು ನಾವೇ ಹುಡುಕಿದೆವು. ಪಟ್ಟಿ ನೋಡಿದ ಕಂಪನಿಯವರು ಯೋಜನೆಯಿಂದ ಹಿಂದೆ ಸರಿಯುತ್ತಾರೇನೋ ಎಂದು ಸಂಘದ ಖಜಾಂಚಿಗೆ ಆತಂಕವಿತ್ತು. ಅವರು ಸರಿಯಲಿಲ್ಲ. ಕರಾರಿಗೆ ಸಹಿ ಬಿದ್ದು ಮೊದಲ ಕಂತು ಬಂದಾಗಿತ್ತು ಎಂಬುದೂ ಒಂದು ಕಾರಣ. ಅವರ ವೈದ್ಯಕೀಯ ವಿಭಾಗದಲ್ಲಿದ್ದ ಒಬ್ಬ ವೈದ್ಯೆ ಒಳಗೆ ನಮ್ಮ ಪರವಾಗಿ ಮಾತಾಡಿದರು ಎಂಬುದು ಆಮೇಲೆ ತಿಳಿಯಿತು. ಮಾರಾಟ ವಿಭಾಗ ಬೇರೆ, ವೈದ್ಯಕೀಯ ವಿಭಾಗ ಬೇರೆ. ಪುರವಣಿಯ ಮಾತುಕತೆ ಆದಷ್ಟು ಎರಡನೆಯವರ ಜೊತೆ ನಡೆಯುವಂತೆ ನೋಡಿಕೊಳ್ಳುವುದು ಒಳ್ಳೆಯದು.

ಹಸ್ತಪ್ರತಿಗಳು ಬರತೊಡಗಿದಾಗ ಬರೆದವರು ಯಾರು ಎಂಬ ಪ್ರಶ್ನೆ ಎದ್ದಿತು. ಎರಡು ಬೇರೆ ಬೇರೆ ಲೇಖಕರ ಲೇಖನಗಳಲ್ಲಿ ಪೀಠಿಕೆಯ ಓಟ ಒಂದೇ, ಉಲ್ಲೇಖಗಳ ಆಯ್ಕೆ ಒಂದೇ. ಕಂಪ್ಯೂಟರ್ ಕಡತದ ವಿವರಗಳಲ್ಲಿ ಒಂದು ಬರವಣಿಗೆ ಏಜೆನ್ಸಿಯ ಹೆಸರು. ಲೇಖನದಲ್ಲಿ ಎಲ್ಲೂ ಅದರ ಉಲ್ಲೇಖವಿಲ್ಲ. ವೃತ್ತಿಪರ ಬರಹಗಾರರ ನೆರವು ತಪ್ಪಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ರೋಗಿಗಳ ನಡುವೆ ದಿನ ಕಳೆಯುವ ವೈದ್ಯರಿಗೆ ಒಳ್ಳೆಯ ಬರಹಗಾರರು ಸಿಕ್ಕರೆ ಲೇಖನ ಸ್ಪಷ್ಟವಾಗುತ್ತದೆ, ಪ್ರಯೋಗದ ವಿವರ ಪೂರ್ಣವಾಗುತ್ತದೆ. ಕಂಪನಿಗಳ ನೆರವಿನ ಸಂಶೋಧನೆಗೆಂದೇ ಇರುವ ಉತ್ತಮ ಪ್ರಕಟಣಾ ಪದ್ಧತಿಯ ಮಾರ್ಗಸೂಚಿ, ಜಿಪಿಪಿ 2022, ಹೇಳುವುದೂ ಅದನ್ನೇ: ನೆರವು ಪಡೆಯಿರಿ, ಯಾರು ಕೊಟ್ಟರು, ಅದಕ್ಕೆ ಹಣ ಯಾರದು ಎಂದು ಬರೆಯಿರಿ. ಹೆಸರು ಮರೆಮಾಚಿದಾಗ ಮಾತ್ರ ಅದು ಓದುಗರಿಗೆ ಮಾಡುವ ಮೋಸ.

ಲೇಖಕರಿಬ್ಬರಿಗೂ ಒಂದೇ ಪತ್ರ ಬರೆದೆ. ಐಸಿಎಂಜೆಇಯ ಪ್ರಕಾರ ಲೇಖಕ ಎನ್ನಿಸಿಕೊಳ್ಳಲು ನಾಲ್ಕೂ ಷರತ್ತು ಪೂರೈಸಬೇಕು: ಕೆಲಸದ ಕಲ್ಪನೆಗೋ ಮಾಹಿತಿಯ ವಿಶ್ಲೇಷಣೆಗೋ ಗಣನೀಯ ಕೊಡುಗೆ, ಬರವಣಿಗೆಯಲ್ಲಿ ಅಥವಾ ವಿಮರ್ಶಾತ್ಮಕ ತಿದ್ದುಪಡಿಯಲ್ಲಿ ಪಾಲು, ಅಂತಿಮ ಪ್ರತಿಗೆ ಒಪ್ಪಿಗೆ, ಲೇಖನದ ಎಲ್ಲ ಭಾಗಕ್ಕೂ ಉತ್ತರದಾಯಿತ್ವ. ರೂಪುರೇಷೆ ಯಾರು ಹಾಕಿದರು, ಮೊದಲ ಕರಡು ಯಾರದು, ನೀವು ತಿದ್ದಿದ ಪ್ರತಿ ಇದೆಯೇ ಎಂದು ಕೇಳಿದೆ. ಒಬ್ಬರು ತಮ್ಮ ತಿದ್ದುಪಡಿ ತುಂಬಿದ ಮೂರು ಕರಡುಗಳನ್ನು ಅದೇ ಸಂಜೆ ಕಳಿಸಿದರು; ಏಜೆನ್ಸಿಯ ಬರಹಗಾರ್ತಿಯ ಹೆಸರು ಕೃತಜ್ಞತೆಯಲ್ಲಿ ಸೇರಿತು, ಹಣದ ಮೂಲವೂ ಸೇರಿತು, ವಿಷಯ ಅಲ್ಲಿಗೆ ಮುಗಿಯಿತು. ಇನ್ನೊಬ್ಬರಿಂದ ಉತ್ತರ ಬರಲಿಲ್ಲ, ಬದಲಿಗೆ ಏಜೆನ್ಸಿಯಿಂದ ಬಂತು. ಲೇಖಕರ ಪರವಾಗಿ ಉತ್ತರಿಸಲು ಮೂರನೆಯವರಿಗೆ ಅವಕಾಶವಿಲ್ಲ ಎಂದು ತಿಳಿಸಿ ಆ ಹಸ್ತಪ್ರತಿಯನ್ನು ಪರಿಶೀಲನೆಗೆ ಕಳಿಸದೆ ಹಿಂದಿರುಗಿಸಿದೆ.

ಪರಿಶೀಲಕರನ್ನು ಹುಡುಕುವುದು ಮಾಮೂಲಿ ಸಂಚಿಕೆಗಿಂತ ಕಷ್ಟವಾಯಿತು. ಪ್ರಾಯೋಜಿತ ಪುರವಣಿ ಎಂದು ಕರೆಯೋಲೆಯಲ್ಲೇ ಬರೆದಿದ್ದೆವು. "ಇದರಲ್ಲಿ ನಮ್ಮ ಮಾತು ನಡೆಯುತ್ತಾ?" ಎಂದು ಕೇಳಿದವರಿದ್ದರು. ಕೇಳಿದವರಿಗೆಲ್ಲ ಕರಾರಿನ ತಿರಸ್ಕಾರದ ಕಲಮನ್ನೇ ಕಳಿಸಿದೆ. ಅದನ್ನು ಓದಿ ಒಪ್ಪಿಕೊಂಡವರು ತುಂಬ ಎಚ್ಚರದಿಂದ ಪರಿಶೀಲನೆ ಮಾಡಿದರು. ಲೇಖಕರು ಸೂಚಿಸಿದ ಪರಿಶೀಲಕರ ಹೆಸರುಗಳನ್ನು ಈ ಪುರವಣಿಯ ಮಟ್ಟಿಗೆ ನಾವು ಬಳಸಲೇ ಇಲ್ಲ.

ಪರಿಶೀಲಕರಲ್ಲಿ ಒಬ್ಬರ ಟಿಪ್ಪಣಿ ನಮಗೆಲ್ಲ ಪಾಠವಾಯಿತು. ಒಂದು ಲೇಖನದಲ್ಲಿ ಅಪಾಯ ಅರ್ಧಕ್ಕೆ ಇಳಿಯುತ್ತದೆ ಎಂಬ ಮಾತು ಮತ್ತೆ ಮತ್ತೆ ಬರುತ್ತಿತ್ತು. ಅವರು ಅಲೆಂಡ್ರೋನೇಟನ್ನು ಪರೀಕ್ಷಿಸಿದ 1996ರ ಫಿಟ್ ಪ್ರಯೋಗವನ್ನು ಎದುರಿಗಿಟ್ಟರು. ಮೊದಲೇ ಬೆನ್ನುಮೂಳೆ ಮುರಿದಿದ್ದ 2,027 ಮಹಿಳೆಯರಲ್ಲಿ ನಡೆದ ಆ ಪ್ರಯೋಗದಲ್ಲಿ ಸೊಂಟದ ಮೂಳೆ ಮುರಿತ ಔಷಧವಿಲ್ಲದ ಗುಂಪಿನಲ್ಲಿ 2.2 ಶೇಕಡಾ, ಅಲೆಂಡ್ರೋನೇಟ್ ಗುಂಪಿನಲ್ಲಿ 1.1 ಶೇಕಡಾ. ಅಪಾಯ ಅರ್ಧವಾಯಿತು ಎಂಬುದು ನಿಜ. ಸುಮಾರು ಮೂರು ವರ್ಷ ಔಷಧ ತೆಗೆದುಕೊಂಡ ನೂರು ಜನರಲ್ಲಿ ಹೆಚ್ಚುಕಡಿಮೆ ಒಬ್ಬರ ಸೊಂಟದ ಮೂಳೆ ಉಳಿಯಿತು ಎಂಬುದೂ ಅಷ್ಟೇ ನಿಜ. ರೋಗಿಯ ಮುಂದೆ ಕೂತ ವೈದ್ಯರಿಗೆ ಎರಡನೆಯ ಅಂಕಿ ಇಲ್ಲದೆ ಮೊದಲನೆಯದನ್ನು ಕೊಡಬಾರದು. ಅಂದಿನಿಂದ ಪುರವಣಿಯ ಎಲ್ಲ ಲೇಖಕರಿಗೂ ಒಂದೇ ಸೂಚನೆ ಹೋಯಿತು: ಶೇಕಡಾವಾರು ಇಳಿಕೆ ಬರೆದಲ್ಲೆಲ್ಲ ಎರಡೂ ಗುಂಪಿನ ಮೂಲ ಅಂಕಿ ಪಕ್ಕದಲ್ಲೇ ಇರಬೇಕು. ಕಂಪನಿಯ ಔಷಧಕ್ಕೂ ಇದೇ, ಅದರ ಪ್ರತಿಸ್ಪರ್ಧಿಗೂ ಇದೇ.

ಪೂರ್ಣ ಪರಿಶೀಲನೆಯ ನಂತರ ತಿರಸ್ಕರಿಸಿದ ಲೇಖನ ಒಂದಿತ್ತು, ಅದು ಕಂಪನಿಗೆ ಪ್ರಿಯವಾದದ್ದೇ ಆಗಿತ್ತು. ಮೂಳೆಯ ಸಾಂದ್ರತೆ ಎಷ್ಟು ಏರಿತು ಎಂಬುದರ ಮೇಲಷ್ಟೇ ನಿಂತು, ಮೂಳೆ ಮುರಿಯುವುದು ಕಡಿಮೆಯಾಗುತ್ತದೆ ಎಂದು ಅದು ತೀರ್ಮಾನಿಸುತ್ತಿತ್ತು. ಸಾಂದ್ರತೆ ಮುಖ್ಯವೇ, ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಈ ಕಾಯಿಲೆಯನ್ನು ಗುರುತಿಸಲು ಇಟ್ಟ ಗೆರೆ, ಅಂದರೆ ಆರೋಗ್ಯವಂತ ಯುವ ವಯಸ್ಕರ ಸರಾಸರಿಗೆ ಹೋಲಿಸಿ ಅಳೆಯುವ ಟಿ ಅಂಕ ಮೈನಸ್ 2.5, ಸಾಂದ್ರತೆಯದ್ದೇ. ಆದರೆ ಸಾಂದ್ರತೆ ಏರಿದ ಮಾತ್ರಕ್ಕೆ ಮೂಳೆ ಗಟ್ಟಿಯಾಯಿತು ಎಂದಲ್ಲ ಎಂಬುದಕ್ಕೆ ಫ್ಲೋರೈಡ್ ಚಿಕಿತ್ಸೆಯ ಕಥೆಯೇ ಸಾಕ್ಷಿ. 1990ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಫ್ಲೋರೈಡ್ ಪಡೆದ ಮಹಿಳೆಯರ ಸೊಂಟದ ಭಾಗದ ಬೆನ್ನುಮೂಳೆಯ ಸಾಂದ್ರತೆ 35 ಶೇಕಡಾ ಏರಿತು. ಬೆನ್ನುಮೂಳೆ ಮುರಿತ ಗಣನೀಯವಾಗಿ ತಗ್ಗಲಿಲ್ಲ, ಉಳಿದ ಮೂಳೆಗಳ ಮುರಿತ ಹೆಚ್ಚೇ ಆಯಿತು. ಲೇಖಕರಿಗೆ ತೀರ್ಮಾನವನ್ನು ತಗ್ಗಿಸಿ ಬರೆಯಲು ಅವಕಾಶ ಕೊಟ್ಟೆವು. ತಿದ್ದಿ ಬಂದ ಪ್ರತಿಯಲ್ಲಿ "ಮುರಿತ ತಗ್ಗಿಸಬಹುದೆಂದು ನಿರೀಕ್ಷಿಸಬಹುದಾಗಿದೆ" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆದಿದ್ದರು, ಶೀರ್ಷಿಕೆ ಹಾಗೇ ಇತ್ತು. ಇಬ್ಬರು ಪರಿಶೀಲಕರೂ ಬೇಡ ಎಂದರು, ಅತಿಥಿ ಸಂಪಾದಕರೂ ಬೇಡ ಎಂದರು.

ಆ ದಿನವೇ ಕಂಪನಿಯಿಂದ ಪ್ರಧಾನ ಸಂಪಾದಕರಿಗೆ ಕರೆ ಬಂತು. ಲೇಖನ ತಿರಸ್ಕಾರವಾದದ್ದು ನಾವು ತಿಳಿಸಿದ್ದು ಲೇಖಕರಿಗೆ ಮಾತ್ರ. ಕಂಪನಿಗೆ ಅಷ್ಟು ಬೇಗ ಹೇಗೆ ಗೊತ್ತಾಯಿತು ಎಂದು ಪ್ರಧಾನ ಸಂಪಾದಕರು ಕೇಳಲಿಲ್ಲ. ಕರಾರಿನ ಕಲಮು ಓದಿ ಹೇಳಿ ಫೋನ್ ಇಟ್ಟರು. ಪ್ರಧಾನ ಸಂಪಾದಕರು ಬೆನ್ನಿಗೆ ನಿಲ್ಲದಿದ್ದರೆ ಯಾವ ಮಾರ್ಗಸೂಚಿಯೂ ನಡೆಯುವುದಿಲ್ಲ. ಪ್ರಕಟವಾದ ಲೇಖನಗಳ ಲೆಕ್ಕದಲ್ಲಿ ಪಾವತಿ ಎಂದು ಮೊದಲಿನ ಕರಾರಿಗೆ ಸಹಿ ಹಾಕಿದ್ದರೆ ಆ ಫೋನ್ ಕರೆ ಬೇರೆ ರೀತಿ ಮುಗಿಯುತ್ತಿತ್ತು ಎಂದು ನನಗೆ ಆಗಲೂ ಅನ್ನಿಸಿತು.

ಅಚ್ಚಿನ ಹಂತದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪುಟಸಂಖ್ಯೆಗಳ ಮೊದಲು ಸಪ್ಲಿಮೆಂಟ್ ಎಂಬುದರ ಎಸ್ ಅಕ್ಷರ, ಮುಖಪುಟದಲ್ಲಿ ಪುರವಣಿ ಎಂಬ ಪದ ದೊಡ್ಡದಾಗಿ, ಮುಖಪುಟದ ಬಣ್ಣ ಮಾಮೂಲಿ ಸಂಚಿಕೆಯದಕ್ಕಿಂತ ಬೇರೆ. ಔಷಧಗಳಿಗೆ ಎಲ್ಲೆಡೆ ಸಾಮಾನ್ಯ ಹೆಸರು, ಬ್ರಾಂಡ್ ಹೆಸರು ಎಲ್ಲೂ ಇಲ್ಲ. ಪ್ರಾಯೋಜಕರ ಜಾಹೀರಾತು ಪುರವಣಿಯೊಳಗೆ ಬೇಡ ಎಂದು ಮೊದಲೇ ಬರೆದುಕೊಂಡಿದ್ದೆವು. ಒಂದು ವಿಷಯದಲ್ಲಿ ಮಾತ್ರ ನಾನು ಹಟ ಹಿಡಿದೆ. ಹಣ ಯಾರದು, ಪುರವಣಿಯ ಯೋಚನೆ ಯಾರಿಂದ ಬಂತು, ಇಲ್ಲಿ ಚರ್ಚೆಯಾಗಿರುವ ಯಾವ ಔಷಧವನ್ನು ಪ್ರಾಯೋಜಕರು ಮಾರುತ್ತಾರೆ ಎಂಬುದನ್ನು ಮುನ್ನುಡಿಯಲ್ಲಿ ಹೇಳುವುದು ರೂಢಿ. ಆದರೆ ಈಗ ಪುರವಣಿಯನ್ನು ಮುನ್ನುಡಿಯಿಂದ ಕೊನೆಯವರೆಗೆ ಓದುವವರು ಯಾರು? ಹುಡುಕಿದಾಗ ಸಿಗುವುದು ಒಂದೊಂದೇ ಲೇಖನದ ಪಿಡಿಎಫ್. ಹಾಗಾಗಿ ಪ್ರತಿ ಲೇಖನದ ಮೊದಲ ಪುಟದಲ್ಲಿ, ಸಾರಾಂಶದ ಕೆಳಗೇ, ಆ ಮೂರೂ ಮಾತು ಅಚ್ಚಾಯಿತು. ಮೆಡ್‌ಲೈನ್ ಎಂಬ ವೈದ್ಯಕೀಯ ಲೇಖನಗಳ ಸೂಚಿಯಲ್ಲಿ ಪ್ರಾಯೋಜಿತ ಪುರವಣಿ ಸೇರಬೇಕಾದರೆ ಅತಿಥಿ ಸಂಪಾದಕರು ಮತ್ತು ಲೇಖಕರಿಗೆ ಪ್ರಾಯೋಜಕರ ಜೊತೆಗಿರುವ ಹಣದ ಸಂಬಂಧ ಬಹಿರಂಗವಾಗಿರಬೇಕು ಎಂಬ ನಿಯಮವೂ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ್ದಿದೆ. ವಿನ್ಯಾಸಗಾರರು ಜಾಗ ಸಾಲದು ಎಂದರು. ಲೇಖಕರ ಪದವಿಗಳ ಪಟ್ಟಿಯನ್ನು ಕೊನೆಯ ಪುಟಕ್ಕೆ ಕಳಿಸಿ ಜಾಗ ಮಾಡಿದೆವು.

ಸಮ್ಮೇಳನದ ಹೊತ್ತಿಗೆ ಪುರವಣಿ ಸಿದ್ಧವಾಗಲಿಲ್ಲ. ಆ ಗಡುವನ್ನು ನಾವು ಕರಾರಿಗೆ ಸೇರಿಸಿರಲಿಲ್ಲ.

ಹೊರಬಂದ ಮೇಲೆ ಕಂಪನಿ ಹಂಚಲೆಂದು ಮರುಮುದ್ರಿತ ಪ್ರತಿಗಳನ್ನು ಕೇಳಿತು, ಅದೂ ಚುಚ್ಚುಮದ್ದಿನ ಲೇಖನದ್ದು ಮಾತ್ರ. ಒಳ್ಳೆಯ ಲೇಖನವೇ ಅದು, ಕಠಿಣ ಪರಿಶೀಲನೆ ದಾಟಿ ಬಂದದ್ದು. ಆದರೆ ಅದನ್ನೊಂದನ್ನೇ ಕಿತ್ತು ವೈದ್ಯರ ಕೈಗೆ ಕೊಟ್ಟರೆ, ನಾವು ಕಷ್ಟಪಟ್ಟು ಸರಿಪಡಿಸಿದ ಪಟ್ಟಿ ಮತ್ತೆ ಹಳೆಯ ಪಟ್ಟಿಯೇ ಆಗುತ್ತದೆ. ಕೊಟ್ಟರೆ ಇಡೀ ಪುರವಣಿಯನ್ನೇ ಕೊಡುತ್ತೇವೆ ಎಂದೆವು. ಖಜಾಂಚಿಯವರಿಗೆ ಬೇಸರವಾಯಿತು, ಬಿಡಿ ಲೇಖನದ ಮರುಮುದ್ರಣ ಒಳ್ಳೆಯ ಆದಾಯ. ಒಂದಿಷ್ಟು ಚರ್ಚೆಯ ನಂತರ ಕಂಪನಿ ಇಡೀ ಪುರವಣಿಯನ್ನೇ ಕೊಂಡುಕೊಂಡಿತು, ಕೇಳಿದ್ದಕ್ಕಿಂತ ಕಡಿಮೆ ಪ್ರತಿಗಳನ್ನು.

ಕೆಲವು ತಿಂಗಳ ನಂತರ ಓದುಗರೊಬ್ಬರು ಅದೇ ಲೇಖನದ ಒಂದು ಕೋಷ್ಟಕವನ್ನು ಪ್ರಶ್ನಿಸಿ ಪತ್ರ ಬರೆದರು. ಎರಡು ಪ್ರಯೋಗಗಳ ರೋಗಿಗಳು ಬೇರೆ ಬೇರೆ ಅಪಾಯಮಟ್ಟದವರು, ಅವರ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸುವುದು ಸರಿಯಲ್ಲ ಎಂಬುದು ಅವರ ಆಕ್ಷೇಪ. ಸರಿಯಾದ ಆಕ್ಷೇಪವೇ. ಲೇಖಕರು ಒಪ್ಪಿ, ಕೋಷ್ಟಕದ ಕೆಳಗೆ ಒಂದು ಎಚ್ಚರಿಕೆಯ ಸಾಲು ಸೇರಿಸುವ ತಿದ್ದುಪಡಿ ಕೊಟ್ಟರು. ಪತ್ರವನ್ನೂ ಉತ್ತರವನ್ನೂ ಪುರವಣಿಯಲ್ಲಲ್ಲ, ಜರ್ನಲ್ಲಿನ ಮಾಮೂಲಿ ಸಂಚಿಕೆಯಲ್ಲೇ ಪ್ರಕಟಿಸಿ ಮೂಲ ಲೇಖನಕ್ಕೆ ಕೊಂಡಿ ಹಾಕಿದೆವು.

ಮುಂದಿನ ವರ್ಷ ಒಂದು ಸಾರ್ವಜನಿಕ ಆರೋಗ್ಯ ಪ್ರತಿಷ್ಠಾನದಿಂದ ಪುರವಣಿಯ ಪ್ರಸ್ತಾವ ಬಂತು, ಲಾಭದ ಉದ್ದೇಶವಿಲ್ಲದ ಸಂಸ್ಥೆ. ಅದರ ಜೊತೆಗೂ ಲೇಖನಗಳ ಪಟ್ಟಿ ಇತ್ತು. ಎಲ್ಲ ಲೇಖನಗಳೂ ಆ ಸಂಸ್ಥೆಯದೇ ಕಾರ್ಯಕ್ರಮ ಎಷ್ಟು ಯಶಸ್ವಿಯಾಯಿತು ಎಂಬುದರ ಬಗ್ಗೆ. ಅವರಿಗೂ ಅದೇ ಕರಾರನ್ನು ಕಳಿಸಿದೆವು, ಒಂದು ಕಲಮನ್ನೂ ಬಿಡದೆ. ಕಾರ್ಯಕ್ರಮ ಫಲ ಕೊಡದ ಜಿಲ್ಲೆಗಳ ಮೇಲೂ ಒಂದು ಲೇಖನ ಬೇಕು, ಅದರ ಲೇಖಕರನ್ನು ನಾವು ಆರಿಸುತ್ತೇವೆ ಎಂಬ ಸಾಲನ್ನು ಈ ಸಲ ಮೊದಲ ಪತ್ರದಲ್ಲೇ ಸೇರಿಸಿದೆ.